ಸಮುದ್ರಕ್ಕೂ ಎಲೆಅಡಿಕೆ

ತಮ್ಮ ಶಿವರಾಮುಗೆ,

ನಿನ್ನಕ್ಕ ಅಂಡಮಾನಿನಲ್ಲಿ ಇನ್ನೂ ಮುಳುಗಿಲ್ಲ ಕಣಪ್ಪ, ಮಳವಳ್ಳಿಯಲ್ಲಿ ಎಲ್ಲರಿಗೂ ತಿಳಿಸು. ಇವತ್ತು ಪ್ರವಾಸದವರು ನಮ್ಮನ್ನೂ ಸೇರಿಸಿ ಎಂಟೇ ಜನರನ್ನು, ಎರಡು ದೋಣಿ ಅಂಟಿಸಿದಂತಿದ್ದ ಜೋಡಿಹೊಟ್ಟೆಯ ದೋಣಿಯಲ್ಲಿ ಕರೆದೊಯ್ದು ಸಮುದ್ರದಲ್ಲಿ ಈಜಲು ಬಿಟ್ಟರು. ಮೀನು ನೋಡಲು ಕನ್ನಡಕ, ಉಸಿರಾಡಲು ಬಾಯಿಗೊಂದು ಕೊಳವೆ. ಊರ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ನನಗೂ ಪಾಠ ಹೇಳಿದರು, ಪುಣ್ಯವಂತರು!

ಮೀನು ನೋಡಬೇಕೆಂದು ವರ್ಷದಿಂದ ಕುಣಿದ ಮೊಮ್ಮಗಳು ಗಗನ ನೀರು ಕಂಡೊಡನೆ ದೋಣಿಯ ಕಂಬ ತಬ್ಬಿಕೊಂಡಳು. "ಅಜ್ಜಿ, ನೀನಿಳುದ್ರೆ ನಾನೂ ಇಳೀತೀನಿ" ಎಂದಳು. ಮಹಾ ಧೈರ್ಯವಂತೆ ನಾನು, ಕೊಳವೆ ಕಚ್ಚಿಕೊಂಡು ಇಳಿದೆ. ಬಾಯಲ್ಲಿದ್ದ ಎಲೆಅಡಿಕೆ ಉಗಿಯುವುದನ್ನೇ ಮರೆತಿದ್ದೆ. ಒಂದು ಸಲ ಜೋರಾಗಿ ಊದಿದೆ ನೋಡು, ಕೊಳವೆಯ ತುದಿಯಿಂದ ಕೆಂಪಗೆ ಚಿಮ್ಮಿತು. ರಕ್ತವೆಂದು ಎಲ್ಲರೂ ಕಿರುಚಿಕೊಂಡು ದೋಣಿ ಹತ್ತಿದರು. ನನ್ನನ್ನು ರಾಗಿ ಮೂಟೆಯಂತೆ ಮೇಲಕ್ಕೆಳೆದರು.

ಸೊಸೆ ಶಶಿರೇಖಾ, "ಅತ್ತೆ, ಸಮುದ್ರಕ್ಕೂ ತಾಂಬೂಲ ಕೊಟ್ರಾ?" ಎಂದಳು. ಗಗನ ನಕ್ಕೂ ನಕ್ಕೂ ಕಂಬ ಬಿಟ್ಟಳು.

ನನಗೆ ಮತ್ತೆ ಇಳಿಯಲು ಅಪ್ಪಣೆ ಸಿಗಲಿಲ್ಲ. ದೋಣಿಯಲ್ಲೇ ಕೊಟ್ಟ ಮುದ್ದೆಯಿಲ್ಲದ ಊಟ ಮಾಡುತ್ತಾ ಕೂತೆ. ಗಗನ ತಟ್ಟೆ ಬಿಟ್ಟೆದ್ದು, "ನೀ ಕೂತ್ಕೊ ಬುಡಜ್ಜಿ, ನಾನೇ ನೋಡ್ಕಂಡು ಬತ್ತೀನಿ" ಎಂದವಳೇ ಧುಮುಕಿದಳು.

ಉಪ್ಪುನೀರಿಗೆ ನನ್ನ ಮಂಡಿನೋವು ಇಳಿದಿದೆ. ತಂದ ಎಲೆ ಮುಗಿದಿದೆ, ನಾವು ಬರುವ ಹೊತ್ತಿಗೆ ಒಂದು ಕಟ್ಟು ತಂದಿಡು. ಗಗನಳಿಗೆ ಹಳದಿ ಮೀನಿನ ಹಿಂಡೇ ಕಂಡಿತಂತೆ. ಅದರಲ್ಲೊಂದರ ಬಾಯಿ ಮಾತ್ರ ಕೆಂಪಗಿತ್ತಂತೆ!

ನಿನ್ನಕ್ಕ, ಪಟ್ಟಲಮ್ಮ