ಎಡೆ ಮುಟ್ಟಿದ ವಿಮಾನ

ಯರಗುಪ್ಪಿ
೧೮ ಡಿಸೆಂಬರ್ ೨೦೨೪

ಮುದ್ದಿನ ಮಗಳು ಸುನಿತಾಳಿಗೆ ನಿನ್ನಪ್ಪ ಮಲಕಪ್ಪನ ಆಶೀರ್ವಾದ.

ಉತ್ತರ ತಡವಾಯಿತು, ಸಿಟ್ಟಾಗಬೇಡ. ನಾಲ್ಕು ಹಾಳೆ ಬರೆದು ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಪ್ರಯೋಗಾಲಯದವರು ನಿನ್ನ ಫೋನನ್ನು ಗೇಟಿನಲ್ಲೇ ಇರಿಸಿಕೊಳ್ಳುತ್ತಾರೆ. ದೇಶದ ಗುಟ್ಟು ಕಾಯುವವರಿಗೆ ನಮ್ಮ ಮನೆಯ ಗುಟ್ಟು ಯಾವ ಲೆಕ್ಕ!

ಕಡಲೆ ಹೂ ಬಿಟ್ಟಿದೆ. ಹೋದ ಶುಕ್ರವಾರ ನಿನ್ನವ್ವನ ತಿಂಗಳ ಎಡೆ. ಹೊಲದಲ್ಲಿ ಅವಳನ್ನು ಮಣ್ಣು ಮಾಡಿದಲ್ಲೇ ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ ಇಟ್ಟು ಕಾಗೆಗೆ ಕಾದೆವು. ಮಟಮಟ ಮಧ್ಯಾಹ್ನ. ಬನ್ನಿಗಿಡದ ತುಂಬ ಕಾಗೆಗಳು. ಒಂದೂ ಕೂಗಲಿಲ್ಲ, ಇಳಿಯಲಿಲ್ಲ. ನಿನ್ನ ಸೋದರತ್ತೆ ದೇವಕ್ಕ, "ಯಣ್ಣಾ, ಅಕಿ ಆಸಿ ಮಗಳ ಮ್ಯಾಲ ಐತಿ. ಸುನಿತಾನ ಕರಸ್ತೀನಿ ಅಂತ ಮಾತು ಕೊಡು, ಮುಟ್ಟತಾವು" ಎಂದಳು. ನಾನು ಊದುಬತ್ತಿ ಹಚ್ಚುವ ನೆಪದಲ್ಲಿ ಬಗ್ಗಿದೆ.

ಆಗ ಕಾಗೆಗಳೆಲ್ಲ ಒಮ್ಮೆಲೇ ಮೂಡಲಿಗೆ ಮುಖ ತಿರುಗಿಸಿದವು. ಬಂತು ನೋಡು ಬಿಳಿ ವಿಮಾನ, ಎತ್ತಿನ ಗಾಡಿಯಷ್ಟಿತ್ತು. ಸಪ್ಪಳವಿಲ್ಲ, ಒಳಗೆ ಮನುಷ್ಯರಿಲ್ಲ. ನಮ್ಮ ತಲೆಯ ಮೇಲೆ ಮೂರು ಸುತ್ತು ಹಾಕಿತು. ಹೊಟ್ಟೆಯಡಿಯ ಗಾಜಿನ ಕಣ್ಣು ನಾನು ಸರಿದ ಕಡೆಗೆಲ್ಲ ಹೊರಳುತ್ತಿತ್ತು. ಆಮೇಲೆ ಮೆಲ್ಲಗೆ ಕಡಲೆಯಲ್ಲಿ ಇಳಿದು, ರೆಕ್ಕೆಯ ತುದಿಯನ್ನು ಎಡೆಯ ಮೇಲಿಟ್ಟು ಸುಮ್ಮನಾಯಿತು. "ಮುಟ್ಟಿತು" ಎಂದು ದೇವಕ್ಕ ಕೈ ಮುಗಿದಳು. ನಾನು ಅಂಜಿ ಎರಡು ಹೆಜ್ಜೆ ಹಿಂದೆ ಸರಿದೆ.

ಸಂಜೆ ನಿಮ್ಮ ಇಲಾಖೆಯವರು ಜೀಪಿನಲ್ಲಿ ಬಂದರು. ಮಾಂತೇಶ ಎಂಬ ಅಧಿಕಾರಿ, "ಗಡಿ ಕಾಯಾಕ ಮಾಡಿದ್ದು ಕಾಕಾ, ಇನ್ನ ಪರೀಕ್ಷಾದಾಗ ಐತಿ. ಸಂಪರ್ಕ ಕಡದ್ರ ಹೊಂಟಲ್ಲಿಗೇ ತಿರುಗಿ ಬರಬೇಕ್ರಿ. ಇಲ್ಲಿಗ್ಯಾಕ ಬಂತೋ ನಮಗೂ ತಿಳಿವಲ್ದು" ಎಂದ. ಅದಕ್ಕೆ ದಾರಿ ಕಲಿಸಿದವಳು ನನ್ನ ಮಗಳೆಂದು ನಾನು ಹೇಳಲಿಲ್ಲ. ನಿನ್ನ ನೌಕರಿಗೆ ಕುತ್ತು ಬಂದೀತು.

ವಿಮಾನಕ್ಕೆ ತಾಗಿದ್ದೆಲ್ಲ ಪರೀಕ್ಷೆಗೆ ಒಯ್ಯಬೇಕಂತೆ. ಒಂದೊಂದು ಚೂರಿಗೂ ಒಂದು ಪ್ಲಾಸ್ಟಿಕ್ ಚೀಲ, ಮೇಲೊಂದು ನಂಬರು. ರೆಕ್ಕೆಯ ಎಣ್ಣೆ ಹತ್ತಿದ ಹೋಳಿಗೆಯನ್ನೂ ಬಿಡಲಿಲ್ಲ. "ಅದು ಸತ್ತಾಕಿ ಎಡೀರಿ, ಬಿಡ್ರಿ" ಎಂದು ದೇವಕ್ಕ ಕೂಗಾಡಿದಳು. ಅವರು ನಗಲಿಲ್ಲ, ನಂಬರು ಬರೆದರು. ಆ ಚೀಲ ನಿನ್ನ ಮೇಜಿಗೆ ಬಂದರೆ ಕಸಕ್ಕೆ ಹಾಕಬೇಡ, ತಾಯಿ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನವ್ವನ ಹರಕೆ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಮಲಕಪ್ಪ

ತಾ.ಕ.: ನೀನು ಬರುವಷ್ಟರಲ್ಲಿ ನಿನ್ನವ್ವನ ಮಣ್ಣಾಗಿತ್ತು. ಅವಳು ಹಾಸಿಗೆ ಹಿಡಿದಾಗಲೇ ನಿಮ್ಮ ಆಫೀಸಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ ಎಂದಿದ್ದೆ. ಸುಳ್ಳು. ಹಚ್ಚಲೇ ಇಲ್ಲ. ಆ ವಾರ ನಿನ್ನ ವಿಮಾನ ಮೊದಲ ಸಲ ಹಾರುವುದಿತ್ತು. ದೇಶದ ಕೆಲಸ ಕೆಡಬಾರದೆಂದುಕೊಂಡೆ. ಎರಡು ದಿನ ನಿನ್ನವ್ವ "ಸುನಿತಾ ಎಲ್ಲಿ ಬಂದ್ಲು?" ಎಂದು ಕೇಳುತ್ತಲೇ ಇದ್ದಳು. "ಹೊಂಟಾಳ, ಇನ್ನೇನ ಬಂದ್ಲು" ಅನ್ನುತ್ತಿದ್ದೆ. ನನ್ನ ಮಾತು ನಂಬಿ, ಬಾಗಿಲ ಕಡೆ ಮುಖ ಮಾಡಿಕೊಂಡೇ ಹೋದಳು.