ಚಹಾಮನೆಯ ಬಾಗಿಲಿಗೆ ಎಂಟು ಜನ

ಏಪ್ರಿಲ್ ೯, ಗುರುವಾರ, ಕ್ಯೋಟೊ

ಗೇಶಾಗಳ ನೃತ್ಯ ನೋಡಲು ಚಹಾಮನೆಯಿಂದ ನನಗೂ ಸೇಯ್ಜಿಗೂ ಕರೆ ಬಂದಿದೆ, ಮದುವೆಯಾಗಿ ಬರೀ ಮೂರು ವಾರಕ್ಕೇ! ಪರಿಚಯದವರು ಹೇಳದೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ನಮಗಾಗಿ ಹೇಳಿದವರು ಸೇಯ್ಜಿಯ ಸೋದರತ್ತೆ ಫುಮಿ; ಒಂದು ಕಾಲದಲ್ಲಿ ಅಲ್ಲೇ ಗೇಶಾ ಆಗಿದ್ದವರು.

ಆ ಖುಷಿಯಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇವತ್ತು ಗೈಡ್ ಕೆಲಸದಲ್ಲಿ ಗಿಯೋನ್‌ನ ಗೇಶಾ ಬೀದಿಗಳನ್ನು ತೋರಿಸುತ್ತಿದ್ದ ಎಂಟೂ ಪ್ರವಾಸಿಗರನ್ನು ನೇರವಾಗಿ ಆ ಬಾಗಿಲಿಗೇ ಕರೆದೊಯ್ದು, ಯಜಮಾನಿಗೆ ನಮಸ್ಕರಿಸಿದೆ.

“ಅಬ್ಬಾ, ಎಷ್ಟು ದೊಡ್ಡ ಬಳಗಾನಮ್ಮ ನಿಮ್ದು! ಬೀದಿಗೇ ಕಳೆ ಬಂತು,” ಎಂದು ಅವರು ನಕ್ಕರು. ನಾನು ಪೆದ್ದಿ, ಹಿಗ್ಗಿ ಫೋಟೊ ಬೇರೆ ತೆಗೆಸಿದೆ!

“ಅದು ಹೊಗಳಿದ್ದಲ್ಲ ಮಾರಾಯ್ತಿ, ಉಗಿದಿದ್ದು!” ಎಂದು ಸೇಯ್ಜಿ, ಮನೆಗೆ ಬಂದು ಹೇಳಿದಾಗ, ಹಣೆ ಚಚ್ಚಿಕೊಂಡ. ಹೊಗಳಿದ ಹಾಗೆ ಬೈಯುವ ಕ್ಯೋಟೊದ ಈ ವರಸೆಯನ್ನೆಲ್ಲ ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಯಾರು ಕಲಿಸುತ್ತಾರೆ? ಬೈಯುವುದಿದ್ದರೆ ನೇರವಾಗಿ ಬೈಯಬಾರದೇ!

ಬೈಗುಳ ನನಗೇ ತಗುಲಿದ್ದರೆ ಸಾಕಿತ್ತು. ಅತಿಥಿ ತಪ್ಪಿದರೆ ಪರಿಚಯಿಸಿದವರೇ ಹೊಣೆಯಂತೆ. ಫುಮಿ ಅತ್ತೆ ಫೋನಿನಲ್ಲಿ ಗದರಲೂ ಇಲ್ಲ. “ನೀನು ಸುಮ್ನಿರು ಮಗಳೇ. ನಾನೇ ಬಂದು ತಲೆ ಬಗ್ಗಿಸಿ ಕ್ಷಮೆ ಕೇಳ್ತೀನಿ.”

ಅವರಿಗೆ ಎಪ್ಪತ್ತಾರು ವರ್ಷ, ಮಂಡಿನೋವು ಬೇರೆ. ಶನಿವಾರ, ನಗೋಯಾದಿಂದ, ಬೆಳಗಿನ ಮೊದಲ ಹಿಕಾರಿ ಬುಲೆಟ್ ರೈಲಿಗೆ ಬರುತ್ತಾರಂತೆ, ನನ್ನ ತಪ್ಪಿಗೆ…