ಬಾಗಿಲ ಹಿಡಿಗೆ ನೇತುಹಾಕಿದ ಚೀಲ

ಮಾತ್ಸುಯೆ, ಜಪಾನ್
ನವೆಂಬರ್

ಪ್ರೀತಿಯ ತಮ್ಮ ಕೆಲೆಪಿ,

ಟೋಂಗಾ ಬಿಟ್ಟು ಇಲ್ಲಿಗೇ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಇಲ್ಲಿಯ ಜನರ ಪ್ರಾಮಾಣಿಕತೆಯ ಬಗ್ಗೆ ವಿಡಿಯೊಗಳಲ್ಲಿ ನೀನು ನೋಡಿದ್ದೆಲ್ಲ ನಿಜ. ಮಳೆಗಾಲದಲ್ಲಿ ತರಕಾರಿ ಅಂಗಡಿಯ ಮುಂದೆ ಮರೆತುಬಂದ ನನ್ನ ಕೊಡೆ ಮೊನ್ನೆಯೂ ಅಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಹೋದ ವಾರದಿಂದ ಜ್ವರ ಬಂದು ಮಲಗಿದ್ದೆ. ನಮ್ಮೂರಾಗಿದ್ದರೆ ದೊಡ್ಡಮ್ಮಂದಿರೆಲ್ಲ ನನ್ನ ಚಾಪೆಯ ಮೇಲೇ ಕೂತು ಬೈಯುತ್ತಿದ್ದರು. ಇಲ್ಲಿ ಯಾರೂ ಬಾಗಿಲು ತಟ್ಟಲಿಲ್ಲ. ಆದರೆ ದಿನಾ ಬೆಳಿಗ್ಗೆ ಬಾಗಿಲ ಹಿಡಿಗೆ ಒಂದು ಚೀಲ ನೇತಾಡುತ್ತಿತ್ತು. ಅದರಲ್ಲಿ ಬಿಸಿ ಗಂಜಿ, ಇಲ್ಲವೇ ಸುಲಿದಿಟ್ಟ ಹಣ್ಣು. ನಿನ್ನೆ ಸದ್ದು ಕೇಳಿ ಬಾಗಿಲು ತೆರೆದೆ. ಪಕ್ಕದ ಮನೆಯ ಕಿನುಯೊ ಅಜ್ಜಿ!

“ಅಯ್ಯೋ, ನಿದ್ದೆ ಕೆಡಿಸಿಬಿಟ್ನಲ್ಲ! ತಪ್ಪಾಯ್ತು ಕಣಮ್ಮ.”

“ಒಳಗೆ ಬನ್ನಿ ಅಜ್ಜಿ, ಟೀ ಮಾಡ್ತೀನಿ.”

“ಬೇಡ ಬೇಡ, ನಿಂಗ್ಯಾಕೆ ತೊಂದ್ರೆ,” ಎಂದು ಬಗ್ಗಿ ಬಗ್ಗಿ ನಮಸ್ಕರಿಸುತ್ತ ಹೊರಟೇಹೋದರು.

ಪ್ರೀತಿಗೇನೂ ಕಮ್ಮಿಯಿಲ್ಲ ಕಣೋ. ಅದು ಹೊಸ್ತಿಲು ದಾಟುವುದಿಲ್ಲ, ಅಷ್ಟೆ. ಇಷ್ಟು ವರ್ಷದಲ್ಲಿ ನಾನೂ ಹಾಗೇ ಆಗಿದ್ದೇನೆ. ಇವತ್ತು ಅಜ್ಜಿ ಕೆಮ್ಮುವುದು ಗೋಡೆಯಾಚೆ ಕೇಳಿಸಿತು. ಸಾರು ಮಾಡಿ, ಸದ್ದಾಗದಂತೆ ಅವರ ಬಾಗಿಲಿಗೆ ನೇತುಹಾಕಿ ಬಂದೆ.

ಬರುವುದಾದರೆ ದಪ್ಪ ಕೋಟು ತಾ. ಅಮ್ಮ ಹೆಣೆದ ಚಾಪೆಯೊಂದನ್ನು ತಾ. ನನ್ನ ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ತಟ್ಟಬೇಡ, ಸೀದಾ ಒಳಗೆ ಬಾ.

ನಿನ್ನ ಅಕ್ಕ,
ಸೇಯ್ನಿ